ಅಗಲ ಮುನ್ನೂರ ಏಳು

ಟ್ಯಾಲಿನ್ನಿನಲ್ಲಿ ಡಿಸೆಂಬರ್. ಮೂರೂವರೆಗೇ ಕತ್ತಲು.
ಕೋಪ್ಲಿ ಟ್ರಾಮಿನ ಗಾಜಿನ ಮಂಜಿನಲ್ಲಿ
ಯಾರೋ ಬೆರಳಲ್ಲಿ ಗೀಚಿ ಹೋದ ಹೆಸರು
ನೀರಾಗಿ ಇಳಿಯುತ್ತಿದೆ.
ನನ್ನ ಕೆಲಸವೂ ಹೆಚ್ಚುಕಡಿಮೆ ಅದೇ:
ಪುಟದೊಳಗೊಂದು ಕಿಟಕಿ ಕೊರೆದು
ಅದರ ಸುತ್ತ ಬೇಲಿ ಕಟ್ಟುವುದು.

ಹೊರಗಿನ ಪುಟಕ್ಕೆ ಒಳಗೇನಿದೆ ಗೊತ್ತಾಗಬಾರದು.
ಒಳಗಿನ ಜಾಹೀರಾತಿಗೆ
ತಾನು ಯಾರ ಮನೆಯ ಗೋಡೆಗೆ ನೇತುಬಿದ್ದಿದ್ದೇನೆಂದು ತಿಳಿಯಬಾರದು.
ವಿಳಾಸಕ್ಕೂ ಅರಗು ಒತ್ತಿ ಕೊಡುತ್ತೇವೆ,
ಸ್ಕ್ರಿಪ್ಟ್ ಅದನ್ನು ಹೊರಬಹುದು, ಒಡೆಯುವಂತಿಲ್ಲ.
ಮುದುಕಿಯೊಬ್ಬಳು ಹೆಣಿಗೆಯ ಮಾದರಿ ಹುಡುಕುತ್ತ ಬಂದರೆ
ಅವಳ ಮೊಣಕಾಲು ನೋವಿನ ಸುದ್ದಿ
ನೂಲಂಗಡಿಯವನ ಕಿವಿಗೆ ಬೀಳಬಾರದು. ಇಷ್ಟೆ.
ಇಷ್ಟಕ್ಕೆ ನಾಲ್ಕು ವರ್ಷ.

ಸಂಬಳ ಕೊಡುವವರೂ ಜಾಹೀರಾತಿನವರೇ.
ಬೇಲಿಯೇ ಎದ್ದು ಹೊಲ ಮೇಯದಂತೆ
ಬೇಲಿಯ ಕೈಯಲ್ಲೇ ಬೇಲಿ ಕಟ್ಟಿಸುವ ಕಾಲ.
ನಗಬೇಡಿ.

ಮಂಗಳವಾರ ಇಂದ್ರೆಕ್ ಕರೆದು ತೋರಿಸಿದ:
'ನೋಡು, ನಿನ್ನ ಬೇಲಿ ಮಾತಾಡ್ತಿದೆ.'
ಚೌಕಟ್ಟಿನ ಅಗಲ ಮುನ್ನೂರು ಇರಬೇಕಾದದ್ದು
ಮುನ್ನೂರ ಏಳು.
ಮುಂದಿನವರಿಗೆ ಮುನ್ನೂರ ಹನ್ನೆರಡು. ಆಮೇಲೆ ಮುನ್ನೂರ ಎರಡು.
ಮಾತು ನಿಷಿದ್ಧವೆಂದು ಅರಿತ ಹೊರಗಿನ ಪುಟ
ಕಿಟಕಿಯನ್ನೇ ಜಗ್ಗಿ, ಕುಗ್ಗಿಸಿ,
ಬಂದವರ ನಂಬರನ್ನು ಅಳತೆಯಲ್ಲಿ ಒಳಕ್ಕೆ ಸಾಗಿಸುತ್ತಿತ್ತು.
ಏಳನೆಯವಳು. ಹನ್ನೆರಡನೆಯವನು.
ತುಟಿ ಪಿಟಕ್ಕೆನ್ನದೆ.

ನನಗೆ ಸಿಟ್ಟು ಬರಬೇಕಿತ್ತು.
ನೆನಪಾದದ್ದು ಎಂಡೆಲ್ ತಾತನ ಬೆರಳ ಗೆಣ್ಣು.

ಊಟದ ಮೇಜಿನ ಮೇಲೆ, ಕೋಸಿನ ಸೂಪು ಆರುವಷ್ಟು ಹೊತ್ತು,
ಟಕ್ ಟಕ್. ತಡೆದು, ಟಕ್ ಟಕ್ ಟಕ್.
ಕಡಲ ದಂಡೆಯ ಹಳೆ ಸೆರೆಮನೆಯಲ್ಲಿ ಹನ್ನೊಂದು ತಿಂಗಳು
ಪಕ್ಕದ ಕೋಣೆಯವನ ಮುಖ ಅವನು ಕಂಡವನಲ್ಲ.
ಸಾಲು ಎಷ್ಟು, ಕಂಬ ಎಷ್ಟು, ಎಣಿಸಿ ಎಣಿಸಿ
ಗೋಡೆಯ ಸುಣ್ಣದಿಂದ ಒಂದೊಂದೇ ಅಕ್ಷರ ಕೆರೆದುಕೊಂಡ.
ಹೆಸರು ಕೇಳಲು ಒಂದು ಸಂಜೆ.
ಹೆಂಡತಿ ಇದ್ದಾಳಾ ಎನ್ನಲು ಮೂರು.
ಆ ಮನುಷ್ಯ ಒಂದಿಡೀ ರಾತ್ರಿ ತಟ್ಟಿ ಕಲಿಸಿದ್ದು
ಉಪ್ಪಿನಲ್ಲಿಟ್ಟ ಹೆರಿಂಗ್ ಮೀನಿಗೆ
ಈರುಳ್ಳಿ ಎಷ್ಟು ಎಂಬುದನ್ನು.
ಬೆಳಗಾದಾಗ ಗೋಡೆ ಬರೀ ಗೋಡೆಯಾಗಿತ್ತು.

ಗೋಡೆಗೂ ಕಿವಿಯಿದೆ ಎಂದು ಊರೆಲ್ಲ ಪಿಸುಗುಡುತ್ತಿದ್ದಾಗ
ತಾತ ಅನ್ನುತ್ತಿದ್ದ: ಪುಣ್ಯಕ್ಕೆ ಇತ್ತು.

ಈಗ ಅದೇ ಬಿರುಕು ನನ್ನ ಪರದೆಯ ಮೇಲೆ.
ಅಲ್ಲಿ ಒಬ್ಬ ಒಂಟಿ ಇನ್ನೊಬ್ಬ ಒಂಟಿಯನ್ನು ತಟ್ಟಿದ.
ಇಲ್ಲಿ ಒಂದು ಅಂಗಡಿ ಇನ್ನೊಂದಕ್ಕೆ
ಆ ಮುದುಕಿಯ ಮೊಣಕಾಲು ಮಾರುತ್ತಿದೆ.
ಬಿರುಕಿಗೆ ವ್ಯತ್ಯಾಸ ಗೊತ್ತಿಲ್ಲ. ಸಂಖ್ಯೆಗಂತೂ ಇಲ್ಲವೇ ಇಲ್ಲ.
ನನಗೆ ಗೊತ್ತು ಅಂದುಕೊಂಡಿದ್ದೇನೆ.

ಮುಚ್ಚಿದೆ. ಹದಿನಾಲ್ಕು ಸಾಲು.
ಒಪ್ಪಿದ ಕೆಲವೇ ಅಳತೆಗಳು; ಅದರಲ್ಲೂ
ಕಿಟಕಿ ತೆರೆದ ಗಳಿಗೆಯದೇ ಕೊನೆತನಕ.
ಹೊರಗೆ ಯಾರು ಎಷ್ಟು ಜಗ್ಗಿದರೂ
ಒಳಗಿರುವುದಕ್ಕೆ ಮುನ್ನೂರು ಅಂದರೆ ಮುನ್ನೂರು.
ಇಂದ್ರೆಕ್ ಪರೀಕ್ಷೆ ಓಡಿಸಿದ. ಹಸಿರು.
'ಈಗ ಮೂಗಿ' ಅಂದ, ಬೆನ್ನು ತಟ್ಟಿದ.
ಎರಡು ಸಲ. ನಾನು ಎಣಿಸಿದೆ.

ಒಳಗೆ ಈಗ ಏನಿದೆಯೋ,
ನೂಲಿನ ಉಂಡೆಯೋ, ಚಳಿಗಾಲದ ಬೂಟೋ, ಬರೀ ಬಿಳಿಯೋ,
ಕಟ್ಟಿದ ನನಗೂ ಕಾಣದು.
ಕಾಣದಿರಲಿ ಎಂದೇ ಕಟ್ಟಿದ್ದು.

ಮನೆ. ಬೀಗ. ಕತ್ತಲಲ್ಲಿ ಸ್ವಿಚ್ಚಿಗೆ ತಡಕಾಟ.
ಕೆಳಗಿನಿಂದ ಬಿಸಿನೀರು ಏರಿ ಬರುವಾಗ
ರೇಡಿಯೇಟರಿನ ಕೊಳವೆ ಟಕ್ಕೆಂದಿತು.
ಮತ್ತೊಂದು ಸಲ.
ಕಬ್ಬಿಣ ಹಿಗ್ಗುವ ಸದ್ದು, ಗೊತ್ತು.
ಕೋಟು ಕಳಚದೆ ನಿಂತೇ ಇದ್ದೇನೆ:
ಸಾಲು ಎರಡು. ಕಂಬ